ಭಾನುವಾರದ ಯೂನಿಫಾರ್ಮು

ಮೂರನೇ ಕ್ಲಾಸಿನ ಪೋಷಕರ ಸಭೆಯಲ್ಲಿ ಮಿಸ್ಸು ನನ್ನ ಮಗಳನ್ನು ಹೊಗಳಿದ್ದೇ ಹೊಗಳಿದ್ದು. ಕೈಕಟ್ಟಿ ಕೂರುತ್ತಾಳಂತೆ, ಕೇಳಿದರಷ್ಟೇ ಬಾಯಿ ಬಿಡುತ್ತಾಳಂತೆ, ಕ್ಲಾಸಿಗೊಂದು ಇಂಥ ಮಗು ಇದ್ದರೆ ಸಾಕಂತೆ. ನಾನು ಹೆಂಡತಿಯ ಕಡೆ ನೋಡಿದೆ. ಅವಳ ಮುಂಗೈ ಮೇಲೆ 'ಇಂಥ ಮಗು' ಹಿಂದಿನ ಸಂಜೆ ಕಚ್ಚಿದ ಗುರುತು ಇನ್ನೂ ಕೆಂಪಗಿತ್ತು.

"ಬೇರೆ ಯಾರ್ ಮಗೀನ್ ಬಗ್ಗೆನೋ ಹೇಳ್ತಾವ್ರೆ, ಸರ್ಯಾಗಿ ಕೇಳ್ರಿ" ಎಂದು ಪಿಸುಗುಟ್ಟಿದಳು.

ನಾಲ್ಕೂವರೆಗೆ ಸ್ಕೂಲ್ ವ್ಯಾನು ಬಂದು ನಿಂತರೆ ನಮ್ಮ ಮನೆಯಲ್ಲಿ ಕುರುಕ್ಷೇತ್ರ ಶುರು. ಒಂದು ಶೂ ತುಳಸಿಕಟ್ಟೆಗೆ, ಇನ್ನೊಂದು ಹಸುವಿನ ಕಲಗಚ್ಚಿನ ಬಾನಿಗೆ. ಹೋಮ್‌ವರ್ಕ್ ಎಂದರೆ ನೆಲಕ್ಕೆ ಬಿದ್ದು ಒದ್ದಾಟ. ಮುದ್ದೆಗೆ ಮೊದಲೇ ಸಾರು ಬಿಟ್ಟರೆ ತಟ್ಟೆಯೇ ಹಾರುತ್ತಿತ್ತು. ನಮ್ಮವ್ವ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ, "ಮನೆಗೆ ಮಾರಿ, ಊರಿಗೆ ಉಪಕಾರಿ. ಥೇಟ್ ಅವರಪ್ಪ" ಎನ್ನುತ್ತಿದ್ದಳು.

ನಾನು ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವವನು. ಹಿಂದಿನ ಸೀಟಿನವರು ಏನೇ ಅಂದರೂ ನನ್ನ ಬಾಯಲ್ಲಿ "ಓಕೆ ಸರ್, ಸಾರಿ ಸರ್" ಎರಡೇ ಮಾತು. ಬಿಳಿ ಶರ್ಟು ಬಿಚ್ಚಿ ಮೊಳೆಗೆ ಹಾಕಿದ ಮೇಲೆ ಸಾರಿಗೆ ಉಪ್ಪು ಕಮ್ಮಿ ಅಂತ ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದ್ದೆ. ಅವ್ವನ ಮಾತು ಮಾತ್ರ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಕೊನೆಗೆ ಹೆಂಡತಿಯೇ ಮಗಳನ್ನು ದೊಡ್ಡಬಳ್ಳಾಪುರದ ಮಕ್ಕಳ ಡಾಕ್ಟರ ಹತ್ತಿರ, ಅಲ್ಲಿಂದ ಬೆಂಗಳೂರಿಗೆ ಕರೆದುಕೊಂಡು ಹೋದಳು. ಎಡಿಎಚ್‌ಡಿ ಅಂದರಂತೆ. ಮೈಗೂ ಮನಸ್ಸಿಗೂ ಬ್ರೇಕು ಸರಿಯಾಗಿ ಹಿಡಿಯದ ತೊಂದರೆ. ಸ್ಕೂಲಿನಲ್ಲಿ ಮಗು ಇಡೀ ದಿನ ಬ್ರೇಕಿನ ಮೇಲೇ ಕಾಲಿಟ್ಟು ಕೂತಿರುತ್ತದೆ, ಮನೆಗೆ ಬಂದು ಕಾಲು ತೆಗೆಯುತ್ತದೆ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರಂತೆ. ಪ್ರತಿ ಶನಿವಾರ ಅಪ್ಪ ಅಮ್ಮ ಇಬ್ಬರೂ ಬಂದು, ಮಗುವಿನ ಜೊತೆ ಹೇಗಿರಬೇಕೆಂದು ಕಲಿಯಬೇಕಂತೆ.

"ಸ್ಕೂಲಲ್ಲಿ ಬೊಂಬೆ ಹಂಗೆ ಕೂರೋಳ್ಗೆ ಎಂಥ ತೊಂದ್ರೆನೇ? ಕೊಬ್ಬು ಕಣೇ ಅದು" ಎಂದೆ.

"ನೀವು ಬರ್ದಿದ್ರೆ ಪ್ರಯೋಜ್ನ ಇಲ್ವಂತೆ ಕಣ್ರೀ. ಒಂದೇ ಒಂದ್ ಸಲ ಬನ್ನಿ" ಅಂತ ಅವಳು ತಿಂಗಳುಗಟ್ಟಲೆ ಗೋಗರೆದಳು. ನಾನು ಜಗ್ಗಲಿಲ್ಲ. ಬದಲಿಗೆ ನನ್ನ ಘನವಾದ ತಲೆಗೆ ಒಂದು ಉಪಾಯ ಹೊಳೆಯಿತು. ಯೂನಿಫಾರ್ಮಿನಲ್ಲಿ ಇರುವ ತನಕ ತಾನೇ ಇವಳು ದೇವತೆ? ಹಾಗಾದರೆ ಮನೆಯಲ್ಲೂ ಯೂನಿಫಾರ್ಮು ಹಾಕಿಸಿದರಾಯಿತು!

ಒಂದು ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಬೆಲ್ಟು, ಟೈ, ಶೂ ಸಮೇತ ಅವಳನ್ನು ನಡುಮನೆಯ ಕುರ್ಚಿಯ ಮೇಲೆ ಕೂರಿಸಿದೆ. "ಇವತ್ತು ಇದೇ ಸ್ಕೂಲು. ನಾನೇ ನಿಮ್ ಸಾರ್" ಎಂದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಕೈಕಟ್ಟಿದಳು. ಸದ್ದಿಲ್ಲ. ಸುದ್ದಿಯಿಲ್ಲ. ನಾನು ಗೆದ್ದ ಎತ್ತಿನ ಹಾಗೆ ಅಡುಗೆಮನೆಗೆ ನುಗ್ಗಿ, "ನೋಡ್ದಾ? ನಿನ್ ಡಾಕ್ಟ್ರಮ್ಮಂಗೆ ಫೋನ್ ಮಾಡಿ ಹೇಳು, ಕಲ್ತ್ಕೊಳ್ಳಲಿ" ಎಂದೆ. ಹೆಂಡತಿ ಈರುಳ್ಳಿ ಹೆಚ್ಚುತ್ತಲೇ ಇದ್ದಳು.

ವಾಪಸ್ ಬಂದು ಟಿವಿಯಲ್ಲಿ ಮ್ಯಾಚ್ ನೋಡುತ್ತಾ ಕೂತೆ. ಅರ್ಧ ಗಂಟೆ ಕಳೆದಿರಬೇಕು. ಅವಳ ಕಡೆ ತಿರುಗಿದರೆ ಕಾಲು ನಡುಗುತ್ತಿತ್ತು. ಕಟ್ಟಿದ ಕೈಯ ಉಗುರು ತೋಳಿಗೆ ಊರಿ ಬೆಳ್ಳಗಾಗಿತ್ತು. ತುಟಿ ಕಚ್ಚಿಕೊಂಡಿದ್ದಳು. ನಾನು ನೋಡಿದ್ದು ಕಂಡು ತಟ್ಟನೆ ಬೆನ್ನು ನೆಟ್ಟಗೆ ಮಾಡಿದಳು.

"ಸಾರ್, ಒಂದ್ ಕೇಳ್ಲಾ ಸಾರ್?"

"ಕೇಳು."

"ನಾನು ಮನೆಗೆ ಯಾವಾಗ ಹೋಗೋದು ಸಾರ್?"

ಅವಳು ಆಟವಾಡುತ್ತಿರಲಿಲ್ಲ. ಅಷ್ಟು ಮರ್ಯಾದೆಯಿಂದ ಆ 'ಸಾರ್' ಅನ್ನುವುದು ಹೊಟ್ಟೆಗೆ ಎಷ್ಟು ಭಾರವೆಂದು ನನಗಿಂತ ಚೆನ್ನಾಗಿ ಯಾವ ಡಾಕ್ಟರಿಗೆ ಗೊತ್ತು? ನನಗಾದರೂ ಬಂದು ಶರ್ಟು ಬಿಚ್ಚಲು ಒಂದು ಮನೆಯಿತ್ತು. ಅವಳದ್ದನ್ನು ನಾನೇ ಕಿತ್ತುಕೊಂಡು ಕೂತಿದ್ದೆ. ನಾಚಿಕೆಯಾಯಿತು.

"ಶನಿವಾರ ನಾನೂ ಬರ್ತೀನಿ ಕಣೇ" ಎಂದು ಅಡುಗೆಮನೆಗೆ ಕೂಗಿದೆ. ಈರುಳ್ಳಿ ಹೆಚ್ಚುವ ಸದ್ದು ನಿಂತಿತು.

ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಟೈ ಸಡಿಲ ಮಾಡಿದೆ. "ಮನೆ ಬಂತು ಕಣವ್ವಾ" ಎಂದೆ. ಒಂದು ಕ್ಷಣ ಅನುಮಾನಿಸಿದಳು. ಆಮೇಲೆ ಎಡಗಾಲಿನ ಶೂ ಹಾರಿ ಸೀದಾ ಟಿವಿಗೆ ಬಡಿಯಿತು.

ಬಲಗಾಲಿನದನ್ನು ನಾನೇ ಬಿಚ್ಚಿ ಅವಳ ಕೈಗೆ ಕೊಟ್ಟೆ.