ಹಲ್ಲಿಗಂಟಿದ ನೇರಳೆ ಎಳೆ

ವಿನ್ನಿಪೆಗ್‌ನ ಜನವರಿಯಲ್ಲಿ ಬೆಳಗಾಗುವುದಕ್ಕೂ ಮೈಗಳ್ಳತನ. ಏಳೂವರೆಯಾದರೂ ಸೂರ್ಯನ ಸುಳಿವಿಲ್ಲ. ಕಾರುಗಳು ಎಂಜಿನ್ ಹೆಪ್ಪುಗಟ್ಟದಂತೆ ಗೋಡೆಯ ಪ್ಲಗ್ಗಿಗೆ ಬಾಲ ಸಿಕ್ಕಿಸಿಕೊಂಡು ಇನ್ನೂ ಮಲಗಿವೆ. ಕೀವಾಟಿನ್ ಬೀದಿಯ ಬೋರ್ಡ್ ಪ್ರಿಂಟಿಂಗ್ ಅಂಗಡಿಯ ಹಿಂಬಾಗಿಲಿನಿಂದ ಒಳಬರುವ ರೆಮೆಡಿಯೋಸ್ ದಿಮಲಾಂತಾ ಮೊದಲು ಹಿಮದ ಬೂಟು ಬಿಚ್ಚಿಡುತ್ತಾರೆ. ಆಮೇಲೆ ಬೀಗದ ಕೈಯ ತುದಿಯನ್ನು ಕಬ್ಬಿಣದ ಮೇಜಿಗೆ ತಾಗಿಸುತ್ತಾರೆ. ಚಟ್! ಒಂದು ಪುಟ್ಟ ಕಿಡಿ.

"ನೋಡಿ, ಗುಡ್ ಮಾರ್ನಿಂಗ್ ಹೇಳ್ತು," ಅನ್ನುತ್ತಾರೆ. "ಬೆರಳಲ್ಲಿ ಮುಟ್ಟಿದ್ರೆ ಬೆರಳು ಕಚ್ಚುತ್ತೆ. ಕೀಲಿಕೈಲಿ ಮುಟ್ಟಿದ್ರೆ ಕೀಲಿಕೈನ ಕಚ್ಚುತ್ತೆ. ಅದಕ್ಕೇನು ನೋವಾ?"

ಇದು ಬಿಲ್ಲು ಬರದ ಕರೆಂಟು. ಪುಸ್ತಕದಲ್ಲಿ ಇದರ ಹೆಸರು ಸ್ಥಿರ ವಿದ್ಯುತ್. ಹೆಸರಿಟ್ಟವರು ಈ ಊರಿನ ಚಳಿಗಾಲ ಕಂಡಿರಲಿಕ್ಕಿಲ್ಲ. ಒಂದು ಕಡೆ ಸ್ಥಿರವಾಗಿ ನಿಂತಿದ್ದರೆ ರೆಮೆಡಿಯೋಸ್ ಅವರಿಗೆ ಇಷ್ಟು ಕೆಲಸವೇ ಇರುತ್ತಿರಲಿಲ್ಲ. ಹೊರಗಿನ ಒಣ ಗಾಳಿ ಹೀಟರಿನಲ್ಲಿ ಕಾದು ಇನ್ನಷ್ಟು ಒಣಗುತ್ತದೆ. ಆಗ ಬೋರ್ಡಿನ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಮುಟ್ಟಿದರೂ ಉಜ್ಜಿದರೂ ಅದಕ್ಕೆ ಕರೆಂಟು ತುಂಬುತ್ತದೆ. ತುಂಬಿಕೊಂಡ ಹಾಳೆ ಕೋಣೆಯ ಧೂಳನ್ನೆಲ್ಲ ನೆಂಟರ ಹಾಗೆ ಕರೆದು ಕೂರಿಸಿಕೊಳ್ಳುತ್ತದೆ. ಅದರ ಮೇಲೆ ಪ್ರಿಂಟು ಹೊಡೆದರೆ ಶಾಯಿಯ ಹನಿ ಹೇಳಿದ ಜಾಗ ಬಿಟ್ಟು ತನಗಿಷ್ಟ ಬಂದ ಜಾಗಕ್ಕೆ ಹಾರುತ್ತದೆ. ಇದು ಚಳಿಗಾಲದ ಚಾಳಿ. ಈ ಚಾಳಿ ಬಿಡಿಸುವುದೇ ರೆಮೆಡಿಯೋಸ್ ಅವರ ಕಸುಬು.

ರೆಮೆಡಿಯೋಸ್ ಅಂದರೆ ಮದ್ದುಗಳು. ದಿಮಲಾಂತಾ ಅಂದರೆ ಬಾಡದವರು. ಇಷ್ಟು ಭಾರದ ಹೆಸರನ್ನು ಯಾರೂ ಎತ್ತುವುದಿಲ್ಲ, ಎಲ್ಲರೂ 'ಆತೆ ಮೆಡಿ' ಅನ್ನುತ್ತಾರೆ. ಆತೆ ಎಂದರೆ ಫಿಲಿಪಿನೋಗಳಲ್ಲಿ ಅಕ್ಕ. ಆದರೆ ಹಾಳೆಯನ್ನು ದರದರ ಎಳೆದವರ ಕಡೆ ಅವರು ನೋಡುವ ನೋಟ ಕಂಡರೆ ಅತ್ತೆ ಎಂದೇ ಕೇಳಿಸುತ್ತದೆ.

ಬೆಳಗಿನ ಮೊದಲ ಕೆಲಸ ಗಾಳಿಗೆ ನೀರು ಕುಡಿಸುವುದು. ತೇವ ಕಾರುವ ಯಂತ್ರಗಳಿಗೆ ನೀರು ತುಂಬಿ, ಗೋಡೆಯ ಮೀಟರಿನ ಮುಳ್ಳು ಐವತ್ತರ ಹತ್ತಿರ ಬರುವ ತನಕ ಪ್ರಿಂಟರ್ ಮುಟ್ಟಲು ಬಿಡುವುದಿಲ್ಲ. ಆಮೇಲೆ ಹಾಳೆಗಳು. ಒಂದೊಂದೂ ಬಾಗಿಲಿನಷ್ಟು ದೊಡ್ಡದು, ದಿನಕ್ಕೆ ಎಂಬತ್ತರ ಸುಮಾರು. ಅಟ್ಟಿಯಿಂದ ಜಾರಿಸುವಂತಿಲ್ಲ, ಇಬ್ಬರು ಹಿಡಿದು ನೆಟ್ಟಗೆ ಮೇಲೆತ್ತಬೇಕು. ಮೇಲಿನ ತೆಳು ಪೊರೆಯನ್ನು ಸರ್ರನೆ ಕೀಳುವಂತಿಲ್ಲ, ಗಾಯದ ಪಟ್ಟಿ ಬಿಚ್ಚಿದಂತೆ ನಿಧಾನ. ಸ್ಪಿರಿಟ್ಟಿನಲ್ಲಿ ನೆನೆದ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒಂದೇ ಸಲ ಒರೆಸು. ಚಳಿಗೆ ಒಡೆದ ಬೆರಳಿಗೆ ಆ ಸ್ಪಿರಿಟ್ಟು ಹೇಗೆ ಉರಿಯುತ್ತದೆಂದು ಕೇಳಿದರೆ, "ಉರೀಲಿ, ಕೈಯಾದ್ರೂ ಬೆಚ್ಚಗಿರುತ್ತೆ," ಅನ್ನುತ್ತಾರೆ.

ಕೊನೆಗೆ ಪರೀಕ್ಷೆ. ತೋಳು ಮಡಚಿ, ಮುಂಗೈಯನ್ನು ಹಾಳೆಯ ಮೇಲೆ ತಾಗಿಯೂ ತಾಗದಂತೆ ಆಡಿಸುತ್ತಾರೆ, ಮಗುವಿನ ಜ್ವರ ನೋಡುವವರ ಹಾಗೆ. ರೋಮ ಎದ್ದು ನಿಂತರೆ ಹಾಳೆ ಇನ್ನೂ ಸಿಟ್ಟಿನಲ್ಲಿದೆ ಎಂದರ್ಥ.

"ಪಾಂಪಾಂಗಾದಲ್ಲಿ ಗಾಳಿ ಹಿಂಡಿದ್ರೆ ನೀರು ಬರ್ತಿತ್ತು," ಎಂದು ತಮ್ಮ ಊರು ನೆನೆಯುತ್ತಾರೆ. "ಅಲ್ಲಿ ಕರೆಂಟು ಬಂದ್ರೆ ಖುಷಿ, ಇಲ್ಲಿ ಹೋದ್ರೆ ಖುಷಿ. ಈ ಊರಿಗೆ ಬಂದ ಮೊದಲ್ನೇ ಚಳಿಗಾಲ, ನನ್ನ ಗಂಡ ಕೈ ಮುಟ್ಟಿದ್ರೆ ಕಿಡಿ ಹಾರ್ತು. ಅಬ್ಬಾ, ಇಷ್ಟು ವರ್ಷ ಆದ್ಮೇಲೆ ಪ್ರೀತಿ ವಾಪಸ್ ಬಂತಲ್ಲ ಅಂದ್ಕೊಂಡೆ. ನೋಡಿದ್ರೆ ಸ್ವೆಟರ್ರು!"

ಆಗ ಮೆಡಿ ರಾತ್ರಿಯೆಲ್ಲ ಆಫೀಸುಗಳ ನೆಲ ಒರೆಸುತ್ತಿದ್ದರು. ಬೆನ್ನು ಹಿಡಿದುಕೊಂಡ ಮೇಲೆ ಇಲ್ಲಿಗೆ ಬಂದರು. ಇಲ್ಲೂ ಒರೆಸುವುದೇ, ಆದರೆ ಹಗಲು. ಮನೆಯವರೊಂದಿಗೆ ಕೂತು ಊಟ.

ಅಂಗಡಿಯ ಯಜಮಾನರ ಹೆಸರು ಒರೆಸ್ಟ್. ಉಕ್ರೇನಿನಿಂದ ಬಂದ ಮನೆತನ, ಪೊರಕೆಯಂಥ ಕಪ್ಪು ಮೀಸೆ. ಎಲ್ಲಿ ಧೂಳು ಕಂಡರೂ ಅವರ ಬಾಯಲ್ಲಿ ಬರುವ ಮಾತು ಒಂದೇ: ಒರೆಸಿ! ಹೆಸರಿಗೆ ತಕ್ಕ ಮಾತು, ಕೆಲಸಕ್ಕೆ ತಕ್ಕದ್ದಲ್ಲ. ಒಣ ಬಟ್ಟೆಯಲ್ಲಿ ಒರೆಸಿದಷ್ಟೂ ಕರೆಂಟು, ಕರೆಂಟು ಬಂದಷ್ಟೂ ಧೂಳು. ಹಾಗಾಗಿ ಮೆಡಿ ಅವರ ಕೆಲಸದಲ್ಲಿ ಅರ್ಧ ಪಾಲು ಒರೆಸ್ಟ್ ಒರೆಸದಂತೆ ತಡೆಯುವುದು. ಇನ್ನು ಹಾಳೆ ಕುಯ್ಯುವವರು ನಾರ್ದಿಂಗ್. ಫಿಲಿಪಿನೋ ಹುಡುಗರು ಅಣ್ಣನಿಗೆ ಕುಯಾ ಅನ್ನುತ್ತಾರಾದ್ದರಿಂದ, ಕುಯ್ಯುವ ಕುಯಾ.

ಈ ಜನವರಿಯಲ್ಲಿ ಈ ಮೂವರ ನಿದ್ದೆ ಕೆಡಿಸಿದ್ದು ಒಬ್ಬ ಹಲ್ಲಿನ ಡಾಕ್ಟರು. ಡಾಕ್ಟರ್ ಥಾರ್ವಾಲ್ಡ್‌ಸನ್ ಬಡಾವಣೆಯ ಐಸ್ ಹಾಕಿ ಮೈದಾನದ ಅಂಚಿಗೆ ತಮ್ಮದೊಂದು ಜಾಹೀರಾತು ಹಲಗೆ ಬೇಕೆಂದರು. ಹಲಗೆ ತುಂಬ ಒಂದು ನಗು, ನಗುವಿನ ತುಂಬ ಹಲ್ಲು. ಮೊದಲ ಹಲಗೆ ವಾಪಸ್ ಬಂತು: ಮುಂದಿನೆರಡು ಹಲ್ಲುಗಳ ನಡುವೆ ಒಂದು ಕೂದಲು, ಶಾಯಿಯ ಮೇಲೆ ಬಳಿಯುವ ಹೊಳಪಿನ ಪದರದೊಳಗೆ ಸಿಕ್ಕಿಕೊಂಡು. ಎರಡನೆಯದೂ ಬಂತು, ಈ ಸಲ ಕೋರೆಹಲ್ಲಿಗೆ.

"ನಿಮ್ಮ ಅಂಗಡೀಲಿ ಬೆಕ್ಕು ಸಾಕಿದೀರಾ?" ಎಂದು ಡಾಕ್ಟರು ಫೋನಿನಲ್ಲಿ ಕೇಳಿದರು. "ಶನಿವಾರ ಪಂದ್ಯ. ಊರೋರೆಲ್ಲ ಬರ್ತಾರೆ. ಹಲ್ಲಲ್ಲಿ ಕೂದ್ಲು ಇಟ್ಕೊಂಡು ನಾನು ಯಾರ ಹಲ್ಲು ಕ್ಲೀನ್ ಮಾಡ್ಲಿ?"

ಒರೆಸ್ಟ್ ಮೆಡಿ ಅವರನ್ನು ಊಟದ ಕೋಣೆಗೆ ಕರೆದರು. ದನಿ ತಗ್ಗಿತ್ತು. "ಮೆಡಿ, ಮೂರನೇದೂ ಹಾಳಾದ್ರೆ ಚಳಿಗಾಲದಲ್ಲಿ ಪ್ಲಾಸ್ಟಿಕ್ ಕೆಲಸಾನೇ ಬೇಡ. ಹಿಮ ಕರಗೋ ತನಕ ಮನೇಲಿರು. ಏಪ್ರಿಲ್‌ನಲ್ಲಿ ಕರೀತೀನಿ."

"ಆಗ್ಲಿ ಬಾಸ್," ಎಂದಷ್ಟೇ ಹೇಳಿ ಮೆಡಿ ಹೊರಬಂದರು. ಏಪ್ರಿಲ್ ತನಕ ಅಂದರೆ ಮತ್ತೆ ರಾತ್ರಿ ಪೊರಕೆ. ಬೆನ್ನಿಗೆ ಅದು ಗೊತ್ತಿತ್ತು.

ಎಲ್ಲವನ್ನೂ ಮೊದಲಿನಿಂದ ನೋಡಿದರು. ಮೀಟರ್ ಸರಿಯಿದೆ. ಪ್ರಿಂಟರಿನ ಮೇಲಿನ ಕರೆಂಟು ಕಳೆಯುವ ಪಟ್ಟಿ ಸ್ವಚ್ಛ. ನೆಲಕ್ಕೆ ಇಳಿಯುವ ತಂತಿ ಬಿಗಿ. ಹಾಗಾದರೆ ಕೂದಲು ಯಾರದು?

"ಬಾಸ್ ಮೀಸೆದೇ," ಎಂದು ನಾರ್ದಿಂಗ್ ಪಿಸುಗುಟ್ಟಿದರು. "ಆತೆ, ರಾತ್ರಿ ಮಲಗಿದಾಗ ಬೋಳಿಸ್ಬಿಡೋಣ್ವಾ?"

"ಮೊದ್ಲು ಸಾಕ್ಷಿ," ಎಂದು ಮೆಡಿ ಭೂತಗನ್ನಡಿ ತಂದರು. ವಾಪಸ್ ಬಂದ ಹಲಗೆಯ ಕೋರೆಹಲ್ಲಿನ ಮೇಲೆ ಬಾಗಿದರು. ಬಾಗಿದವರು ಹಾಗೇ ನಿಂತರು.

"ಅಯ್ ನಾಕು!"

ನಾಕು ಅಂದರೆ ಇವರಲ್ಲಿ ನಾಲ್ಕಲ್ಲ, 'ಅಯ್ಯಯ್ಯೋ' ಅಂತ. ಬರಿಗಣ್ಣಿಗೆ ಕಪ್ಪಾಗಿ ಕಂಡಿದ್ದ ಕೂದಲು ಕನ್ನಡಿಯಲ್ಲಿ ನೇರಳೆ. ಕೂದಲೂ ಅಲ್ಲ, ನೂಲಿನ ಎಳೆ. ಫಿಲಿಪಿನೋ ಮನೆಗಳ ನೇರಳೆ ಗೆಣಸಿನ ಸಿಹಿತಿಂಡಿಯದೇ ಬಣ್ಣ. ಆ ಬಣ್ಣದ ನೂಲನ್ನು ಈ ಅಂಗಡಿಗೆ ತಂದವರು ಒಬ್ಬರೇ. ಮೆಡಿ ನಿಧಾನವಾಗಿ ತಮ್ಮ ಕಾಲು ನೋಡಿಕೊಂಡರು. ಆಮೇಲೆ ನಾರ್ದಿಂಗ್ ಕಾಲು. ಆಮೇಲೆ, ಪ್ರಿಂಟರಿನ ಪಕ್ಕದಲ್ಲೇ ನಿಂತು "ಒರೆಸಿ" ಅನ್ನುತ್ತಿದ್ದ ಒರೆಸ್ಟ್ ಕಾಲು.

ಬಾಗಿಲಲ್ಲಿ ಹಿಮದ ಬೂಟು ಬಿಟ್ಟು ಬರುವ ಊರಿದು. ಒಳಗೆ ಕಾಲು ತಣ್ಣಗಾಗಬಾರದೆಂದು ಕ್ರಿಸ್ಮಸ್ಸಿಗೆ ಮೆಡಿ ಎಲ್ಲರಿಗೂ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ನೂಲಿನ ನೇರಳೆ ಕಾಲುಗವಸು ಹೆಣೆದು ಕೊಟ್ಟಿದ್ದರು. ಇಡೀ ಅಂಗಡಿ ಅದನ್ನೇ ತೊಟ್ಟು ವಿನೈಲ್ ನೆಲದ ಮೇಲೆ ಓಡಾಡುತ್ತಿತ್ತು.

"ನಡೆದಷ್ಟೂ ಮೈಗೆ ಕರೆಂಟು ತುಂಬುತ್ತೆ, ಜೊತೆಗೆ ಎಳೆ ಉದುರಿಸುತ್ತೆ," ಎಂದು ಮೆಡಿ ಹಣೆ ಚಚ್ಚಿಕೊಂಡರು. "ಕಳ್ಳನೂ ಅದೇ, ಏಣಿನೂ ಅದೇ. ಹೆಣೆದೋಳು ನಾನೇ! ಬಿಚ್ಚಿ ಎಲ್ರೂ."

ನಾರ್ದಿಂಗ್ ಬಿಚ್ಚಿದರು. ಒರೆಸ್ಟ್ ಕಾಲು ಹಿಂದೆಳೆದುಕೊಂಡರು.

"ನಾನು ಬಿಚ್ಚಲ್ಲ. ನನ್ನ ಹೆಂಡ್ತಿ ಕೂಡ ನಂಗೆ ಇಷ್ಟು ಬೆಚ್ಚಗಿನ್ದು ಕೊಟ್ಟಿಲ್ಲ."

"ಬಾಸ್, ಕಾಲು ಬೆಚ್ಚಗಿರ್ಬೇಕಾ, ಹಲ್ಲು ಬೆಳ್ಳಗಿರ್ಬೇಕಾ?"

"ಎರಡೂ!"

"ಹಾಗಾದ್ರೆ ಊಟದ ಕೋಣೇಲಿ ಕೂತ್ಕೊಳ್ಳಿ. ಹೊಸ್ತಿಲು ದಾಟ್ಬೇಡಿ. ಅಲ್ಲಿಂದ್ಲೇ 'ಒರೆಸಿ' ಅನ್ನಿ, ಕೇಳಿಸುತ್ತೆ."

ಯಜಮಾನರು ಹೋಗಿ ಕೂತರು. ಮೆಡಿ ನೆಲವನ್ನು ಒದ್ದೆ ಬಟ್ಟೆಯಲ್ಲಿ ಮೂಲೆಮೂಲೆ ಒರೆಸಿದರು, ಬೆನ್ನಿನ ಮಾತು ಕೇಳಲಿಲ್ಲ. ಎಲ್ಲರೂ ಒಳಗಿನ ಬೂಟು ತೊಟ್ಟರು. ಮುಳ್ಳು ಐವತ್ತಕ್ಕೆ ಬಂತು. ಹೊಸ ಹಾಳೆ ನೆಟ್ಟಗೆ ಮೇಲೆದ್ದಿತು, ಪೊರೆ ನಿಧಾನ ಬಿಟ್ಟಿತು. ಮುಂಗೈ ಆಡಿಸಿದರು. ಒಂದು ರೋಮವೂ ಅಲುಗಲಿಲ್ಲ.

ಶುಕ್ರವಾರ ಡಾಕ್ಟರು ಬಾಯಿಯೊಳಗೆ ತೂರಿಸುವ ಪುಟ್ಟ ಕನ್ನಡಿಯನ್ನೇ ತಂದು ಹಲಗೆಯ ಒಂದೊಂದು ಹಲ್ಲಿನ ಮೇಲೂ ಹಿಡಿದು ನೋಡಿದರು. ಊಟದ ಕೋಣೆಯ ಹೊಸ್ತಿಲಲ್ಲಿ ಒರೆಸ್ಟ್ ಬಾಯಿ ತೆರೆದು ನೋಡುತ್ತಿದ್ದರು.

"ಬಾಯಿ ಮುಚ್ಚಬಹುದು," ಎಂದರು ಡಾಕ್ಟರು. ಒರೆಸ್ಟ್ ಆಗ ಬಾಯಿ ಮುಚ್ಚಿದರು.

ಆ ಸಂಜೆಯೇ ಯಜಮಾನರು ಮೆಡಿ ಅವರ ಕೈಗೆ ತಮ್ಮ ಹೆಂಡತಿ ಮಾಡಿದ ಪಿರೋಗಿ ಕಡುಬಿನ ಡಬ್ಬಿ ಕೊಟ್ಟು, "ಸೋಮವಾರ ಬೇಗ ಬಾ. ಪ್ಲಾಸ್ಟಿಕ್ ಕೆಲಸ ರಾಶಿ ಬಿದ್ದಿದೆ," ಎಂದರು. ಏಪ್ರಿಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ.

ಶನಿವಾರ ಮೈದಾನದಲ್ಲಿ ಮೆಡಿ ಕಂಬಳಿ ಹೊದ್ದು ಮೇಲಿನ ಸಾಲಿನಲ್ಲಿ ಕೂತಿದ್ದಾರೆ. ಎದುರಿಗೇ ಆ ಬಿಳಿ ನಗು. ಜನರೆಲ್ಲ ಚೆಂಡಿನ ಬದಲು ಆಡುವ ಆ ಕರಿ ಬಿಲ್ಲೆಯ ಹಿಂದೆ ಕಣ್ಣು ಓಡಿಸುತ್ತಿದ್ದಾರೆ. ಹಲಗೆಯ ಕಡೆ ಒಬ್ಬರೂ ನೋಡುವುದಿಲ್ಲ. ಬೇಸರವಾಗುವುದಿಲ್ಲವೇ?

"ಯಾಕೆ ಬೇಸರ? ಒಂದು ಎಳೆ ಇದ್ದಿದ್ರೆ ಇಷ್ಟೂ ಜನ ನೋಡ್ತಿದ್ರು," ಎಂದು ನಗುತ್ತಾರೆ. ಚೀಲದಿಂದ ಸೂಜಿ, ಅರ್ಧ ಹೆಣೆದ ಕಾಲುಗವಸು ತೆಗೆಯುತ್ತಾರೆ. "ಈ ಸಲ ಹತ್ತಿ ದಾರ. ಮೊದಲ್ನೇ ಜೊತೆ ಬಾಸ್‌ಗೆ. ಅವರು ಹೊಸ್ತಿಲ ಈಚೆ ಬರ್ಲಿ ಅಂತ ಅಷ್ಟೇ ನನ್ನ ಆಸೆ. ಅಲ್ಲಿಂದ ಕೂಗಿ ಕೂಗಿ ಗಂಟಲು ಕಟ್ಕೊಂಡಿದೆ ಪಾಪ."

ದಾರದ ಬಣ್ಣ ಹಲ್ಲಿನಷ್ಟೇ ಬಿಳಿ.

"ಉದುರಿದ್ರೂ ಕಾಣಲ್ಲ," ಅನ್ನುತ್ತಾರೆ ಆತೆ ಮೆಡಿ, ಸೂಜಿಯಿಂದ ಕಣ್ಣೆತ್ತದೆ.