ಹೊಗೆ ಮಾವ ಚಿಟ್ಟೆ ತಂದುಕೊಟ್ಟದ್ದು

ನಮ್ಮ ಬಡಾವಣೆಯಲ್ಲಿ ಜಿರಳೆ, ಸೊಳ್ಳೆ, ಗೆದ್ದಲು ಯಾವುದು ಕಂಡರೂ ಮೊದಲು ಬಾಯಿಗೆ ಬರುತ್ತಿದ್ದುದು ಹೊಗೆ ಮಾವನ ಹೆಸರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದಿರಬೇಕು; ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಸಂಜೆ ಹೊತ್ತು ಹೊಗೆ ಬಿಡುವ ಮೆಷಿನ್ನು ಹೆಗಲಿಗೆ ಹಾಕಿಕೊಂಡು ಬೀದಿಯ ಆ ತುದಿಯಿಂದ ಭರ್ರೆಂದು ಅವರು ಬರುತ್ತಿದ್ದರೆ ನಾವೆಲ್ಲ ಕಿಟಕಿ ಮುಚ್ಚಿಕೊಂಡು ಗಾಜಿನ ಹಿಂದಿನಿಂದ ಕೈ ಬೀಸುತ್ತಿದ್ದೆವು. ಬಿಳಿ ಹೊಗೆಯ ಒಳಗಿನಿಂದ ಒಂದು ಕೈ ಮಾತ್ರ ಹೊರಗೆ ಬಂದು ತಿರುಗಿ ಬೀಸಿ ಒಳಗೆ ಹೋಗುತ್ತಿತ್ತು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು.

ಹೊಗೆ ಬಿಡುವುದು ಬೀದಿಗೆ. ಮನೆ ಮುಂದಿನ ತೋಟಗಳಿಗೆ ಬೆನ್ನಿಗೆ ಕಟ್ಟುವ ಡಬ್ಬದಿಂದ ಔಷಧಿ ಹೊಡೆಯುವುದು ಬೇರೆ ಕೆಲಸ. ಎಲೆಯ ಮೇಲೆ ಒಂದು ತೂತು ಕಂಡರೆ ಜನ ಫೋನು ಮಾಡುತ್ತಿದ್ದರು, ಮಾವ ತಟ್ಟೆಯ ಮುಂದಿನಿಂದ ಎದ್ದು ಬರುತ್ತಿದ್ದರು. ಎಲೆ ತಿರುಗಿಸಿ ನೋಡಿ, "ಇವತ್ತು ರಾತ್ರಿ ನಿಶ್ಚಿಂತೆಯಿಂದ ಮಲಗಿ" ಎಂದು ಹೇಳಿ ಹೋಗುತ್ತಿದ್ದರು. ತಾನು ಒಂಥರಾ ಡಾಕ್ಟರು ಎಂಬ ಭಾವನೆ ಅವರಿಗಿತ್ತು. ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ, ಯಾಕೆಂದರೆ ನಾವೂ ಅವರನ್ನು ಹಾಗೇ ನಡೆಸಿಕೊಳ್ಳುತ್ತಿದ್ದೆವು.

ಮೊದಲ ದೂರು ಬಂದದ್ದು ಅವರ ಮನೆಯಿಂದಲೇ. ಹೆಂಡತಿ ತಾರಸಿಯ ಮೇಲೆ ಕುಂಬಳದ ಬಳ್ಳಿ ಹಬ್ಬಿಸಿದ್ದರು. ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ಹೂವು ಅರಳುವುದು, ಬಾಡುವುದು, ಉದುರುವುದು. ದುಂಬಿ ಜೇನು ಯಾವುದೂ ಹತ್ತಿರ ಸುಳಿಯುತ್ತಿಲ್ಲ, ಇನ್ನು ಕಾಯಿ ಎಲ್ಲಿಂದ ಕಟ್ಟಬೇಕು?

"ರೀ, ನಿಮ್ಮ ಕೆಲಸ ತೀರಾ ಚೆನ್ನಾಗಿ ಆಗಿದೆ" ಎಂದರು ಹೆಂಡತಿ. "ಈಗ ದುಂಬಿ ಕೆಲಸಾನೂ ನೀವೇ ಮಾಡಿ."

ಹೀಗೆ ಮಾವ ದಿನಾ ಬೆಳಗ್ಗೆ ಲುಂಗಿ ಎತ್ತಿ ಕಟ್ಟಿಕೊಂಡು, ಗಂಡು ಹೂವು ಕಿತ್ತು ಹೆಣ್ಣು ಹೂವಿನೊಳಗೆ ಸವರುವ ಕೆಲಸಕ್ಕೆ ನಿಂತರು. ಹೆಂಡತಿ ಕಾಫಿ ಕುಡಿಯುತ್ತ, ಆ ಮೂಲೆಯದು ಬಿಟ್ಟಿರಿ, ಈ ಕಡೆಯದು ಬಿಟ್ಟಿರಿ ಎಂದು ಹೇಳುತ್ತಿದ್ದರು. ಪಕ್ಕದ ತಾರಸಿಯವರು ನೋಡಿ, ನಮ್ಮ ಸೋರೆ ಬಳ್ಳಿಗೂ ಒಂದು ಕೈ ನೋಡಿ ಮಾವ ಎಂದರು. ಜೀವಮಾನವೆಲ್ಲ ಹುಳ ಕೊಂದ ಮನುಷ್ಯ ವಯಸ್ಸಾದ ಕಾಲಕ್ಕೆ ತಾರಸಿಯಿಂದ ತಾರಸಿಗೆ ಹೋಗುವ ಹುಳವಾದರು.

ಇಷ್ಟರಲ್ಲಿ ಬಡಾವಣೆ ಸಂಘದ ಅಧ್ಯಕ್ಷರಿಗೆ ಚಿಟ್ಟೆಗಳ ಉದ್ಯಾನ ಮಾಡುವ ಮನಸ್ಸಾಯಿತು. ಅಧ್ಯಕ್ಷರದು ಬೀಗ, ಚಿಲಕ, ಗೇಟುಗಳ ದೊಡ್ಡ ಅಂಗಡಿ. ಮೂಲೆಯ ಜಾಗದಲ್ಲಿ ಹೂವಿನ ಗಿಡ ಹಾಕಿಸಿದರು, ಕಲ್ಲು ಬೆಂಚು ಹಾಕಿಸಿದರು, "ಚಿಟ್ಟೆಗಳಿಗೆ ಸ್ವಾಗತ" ಎಂದು ಬೋರ್ಡು ಬರೆಸಿದರು. ಅವರ ಬೀಗರು ಒಂದು ದಿನ ಬಂದು ಬೆಂಚಿನ ಮೇಲೆ ಸಂಜೆಯವರೆಗೆ ಕೂತರು. ಒಂದು ನೊಣವೂ ಬರಲಿಲ್ಲ. ಬೀಗರು ಹೊರಡುವಾಗ, ಬೋರ್ಡು ಚೆನ್ನಾಗಿದೆ ಎಂದರಂತೆ. ಅದು ಅಧ್ಯಕ್ಷರ ಎದೆಗೆ ನಾಟಿತು.

ಮಾರನೆಯ ದಿನವೇ ಮಾವನಿಗೆ ಬುಲಾವು ಹೋಯಿತು. ಅಧ್ಯಕ್ಷರು ವರಾಂಡದ ಕುರ್ಚಿಯಲ್ಲಿ ಕೂರಿಸಿ, ಸಾವಧಾನವಾಗಿ, ಕಳೆದುಹೋದ ಸಾಮಾನು ವಿಚಾರಿಸುವ ಹಾಗೆ ವಿಚಾರಿಸಿದರು. ಮೊದಲು ಇಲ್ಲಿ ಚಿಟ್ಟೆ ಇದ್ದವು ಹೌದೋ ಅಲ್ಲವೋ? ಇದ್ದವು. ಈಗ ಇಲ್ಲ. ನಡುವೆ ಬಂದು ಹೋದವರು ಯಾರು? ಮಾವ ಬಿಟ್ಟರೆ ಇನ್ನಾರೂ ಇಲ್ಲ.

"ನಾನು ಬೈಯ್ತಿಲ್ಲ ಮಾವ. ತಗೊಂಡು ಹೋದವರು ವಾಪಸ್ ತಂದುಕೊಡಬೇಕು, ಅಷ್ಟೇ ನಾನು ಹೇಳೋದು."

ಔಷಧಿ ಹೊಡೆಯಿರಿ ಎಂದು ಕರೆದವರು ನೀವೇ ಅಲ್ಲವೇ ಎಂದು ಮಾವ ಕೇಳಬಹುದಿತ್ತು. ಕೇಳಲಿಲ್ಲ. ಅವರು ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಮನುಷ್ಯ. ಅವತ್ತು ಸಂಜೆ ಮನೆಯ ಮುಂದಿನ ದೀಪದ ಕೆಳಗೆ ಸುಮ್ಮನೆ ನಿಂತಿದ್ದರಂತೆ. ಹಿಂದೆ ಆ ದೀಪ ಹಾಕಿದರೆ ಬಾಗಿಲು ತೆರೆಯುವ ಹಾಗಿರಲಿಲ್ಲ, ರೆಕ್ಕೆಯ ಹುಳಗಳು ಸಾರಿನ ಪಾತ್ರೆಗೂ ಬಂದು ಬೀಳುತ್ತಿದ್ದವು. ಈಗ ದೀಪ ಯಾರಿಗೋ ಕಾಯುತ್ತಿರುವ ಹಾಗೆ ಒಂಟಿಯಾಗಿ ಉರಿಯುತ್ತಿತ್ತು. ಒಳಗೆ ಬಂದು ಹೆಂಡತಿಗೆ, ಎಲ್ಲವೂ ಹೋಗಿಬಿಟ್ಟಿವೆ ಕಣೇ, ಯಾವಾಗ ಹೋದವೋ ಗೊತ್ತೇ ಆಗಲಿಲ್ಲ ಎಂದರಂತೆ. ಹೆಂಡತಿ ಅವರ ತಟ್ಟೆಗೆ ಅನ್ನ ಬಡಿಸಿ, ಇರೋ ಕಡೆ ಹುಡುಕಿ ಎಂದರು.

ಬಸ್ ಡಿಪೋದ ಹಿಂದೆ ಒಂದು ಪಾಳು ಜಾಗವಿತ್ತು. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಸಿಕ್ಕಿಬಿದ್ದು, ಅತ್ತ ಅವರದೂ ಅಲ್ಲ ಇತ್ತ ಇವರದೂ ಅಲ್ಲ ಎನ್ನುವಂತಾಗಿದ್ದರಿಂದ ಅಲ್ಲಿ ಔಷಧಿ ಹೊಡೆಸುವವರು ಯಾರೂ ಇರಲಿಲ್ಲ. ಮಾವ ಅಲ್ಲಿಗೆ ಹೋಗಿ ತಾನಾಗಿ ಬೆಳೆದ ಒಂದು ನಿಂಬೆ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತಿದ್ದ ಮರಿಹುಳಗಳನ್ನು ಪತ್ತೆ ಮಾಡಿದರು. ಕೊಂಬೆ ಸಮೇತ ಕತ್ತರಿಸಿ ಟಿಫಿನ್ ಕ್ಯಾರಿಯರಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಊಟವೇ ಎಂದು ಕೇಳಿದ್ದಕ್ಕೆ, "ಹೂಂ, ಒಳಗೆ ಊಟ ನಡೀತಿದೆ" ಎಂದರು. ಆಕೆ ಮುಂದಿನ ಸ್ಟಾಪಿನಲ್ಲಿ ಸೀಟು ಬದಲಾಯಿಸಿದಳು.

ಬಡಾವಣೆಯಲ್ಲಿ ನಿಂಬೆ ಗಿಡ ಇದ್ದದ್ದು ಒಂದೇ, ಅಧ್ಯಕ್ಷರ ಗೇಟಿನ ಪಕ್ಕ. ಮಾವ ಹುಳಗಳನ್ನು ಅದರ ಮೇಲೆ ಬಿಟ್ಟರು. ಹುಳಗಳು ಬೆಳೆದು ಹಸಿರಾದವು, ಕಿರುಬೆರಳಿನಷ್ಟು ದಪ್ಪವಾದವು, ಗಿಡ ಬೋಳಾಗುತ್ತ ಬಂತು. ಅಧ್ಯಕ್ಷರು ಫೋನು ಮಾಡಿ ಕೂಡಲೇ ಔಷಧಿ ಹೊಡೆಯಬೇಕು ಎಂದರು. ಮಾವ ಓಡಿ ಬಂದು, ನೀವು ಕೇಳಿದ ಸಾಮಾನೇ ಇದು ಎಂದು ವಿವರಿಸಿದರು.

"ಚಿಟ್ಟೆ ತನ್ನಿ ಅಂದ್ರೆ ಹುಳ ತಂದಿದ್ದೀರಲ್ಲ ಮಾವ."

"ಇದೇ ಅದಾಗೋದು ಸಾರ್."

"ಹಾಗಿದ್ರೆ ಅದಾದ್ಮೇಲೆ ತನ್ನಿ. ಈಗ ಹೊಡೀರಿ."

ಮಾವ ಮನೆಗೆ ಹೋಗಿ ಡಬ್ಬವನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದು ನಲ್ಲಿಯ ನೀರು ತುಂಬಿದರು. ಸಾಲದು ಎನ್ನಿಸಿತು. ನೀರಿಗೆ ವಾಸನೆ ಇಲ್ಲ. ವಾಸನೆ ಇಲ್ಲದ ಔಷಧಿಯನ್ನು ನಂಬುವವರು ಯಾರು? ನೀರಿಗೆ ಏನಾದರೂ ಬೆರೆಸಲು ಧೈರ್ಯವಾಗಲಿಲ್ಲ. ಕೊನೆಗೆ ಹೆಂಡತಿಯ ಸೊಂಟ ನೋವಿನ ಮುಲಾಮನ್ನು ತೆಗೆದು ತಮ್ಮ ಕುತ್ತಿಗೆ, ಎದೆ, ಎರಡು ಕೈಗಳಿಗೆ ಧಾರಾಳವಾಗಿ ತಿಕ್ಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಟರು. ಎಲ್ಲರೂ ದೂರ ಸರಿಯಿರಿ ಎಂದು ಕೈ ಮಾಡಿ, ಗಿಡಕ್ಕೆ ಹಗುರವಾಗಿ ನೀರು ಚಿಮುಕಿಸಿದರು. ಧೂಳೆಲ್ಲ ತೊಳೆದು ಹೋಗಿ ಎಲೆ ಹುಳಗಳಿಗೆ ಇನ್ನೂ ರುಚಿಯಾಗಿರಬೇಕು. ಅಧ್ಯಕ್ಷರು ಗಾಳಿ ಮೂಸಿ, ಇವತ್ತಿನದು ಒಳ್ಳೆ ಸ್ಟ್ರಾಂಗ್ ಇದೆ ಎಂದರು.

ಅಂದಿನಿಂದ ಇಡೀ ಬಡಾವಣೆಗೆ ನೀರೇ. ಮೆಷಿನ್ನು ಕೆಟ್ಟಿದೆ, ಬಿಡಿ ಭಾಗ ಸಿಗುತ್ತಿಲ್ಲ ಎಂದು ಹೇಳಿ ಹೊಗೆಯನ್ನೂ ನಿಲ್ಲಿಸಿದರು. ನಿಂತ ನೀರು ಕಂಡಲ್ಲೆಲ್ಲ ತಾವೇ ಬಗ್ಗಿ ಚೆಲ್ಲುತ್ತಿದ್ದರು. ಸೊಳ್ಳೆಯ ಮಟ್ಟಿಗೆ ಅವರಿಗೆ ಯಾವ ಕರುಣೆಯೂ ಇರಲಿಲ್ಲ. ಅವರು ನಮ್ಮ ಮನೆಗೆ ಬಂದು ಹೋದ ದಿನ ನನ್ನ ಕಟ್ಟಿದ ಮೂಗು ಬಿಟ್ಟುಕೊಂಡಿತು. ಔಷಧಿಯ ಪ್ರಭಾವ ಎಂದು ನಾನು ನಾಲ್ಕು ಜನರಿಗೆ ಹೇಳಿಯೂ ಇದ್ದೆ. ಅವರ ಹೆಂಡತಿಗೆ ಮಾತ್ರ ಬೇಸರ. ಮನೆಗೆ ಬಂದವರೆಲ್ಲ ಇಬ್ಬರಿಗೂ ಸೊಂಟ ಹಿಡಿದಿದೆ ಎಂದುಕೊಂಡು ಕುಶಲ ಕೇಳುತ್ತಿದ್ದರು.

ಒಂದು ಬೆಳಗ್ಗೆ ಅಧ್ಯಕ್ಷರ ಗೇಟಿನ ಚಿಲಕದ ಮೇಲೆ ಹಸಿರು ಗೂಡೊಂದು ಕಾಣಿಸಿತು. ನಿಂಬೆ ಗಿಡದಿಂದ ಇಳಿದ ಹುಳವೊಂದು ಬೇರೆಲ್ಲೂ ಜಾಗವಿಲ್ಲ ಎಂಬಂತೆ ಅಲ್ಲಿಗೇ ಬಂದು, ನೂಲಿನಿಂದ ತನ್ನನ್ನು ಕಟ್ಟಿಕೊಂಡು ಕೂತಿತ್ತು. ಇದನ್ನೂ ಹೊಡೆಯಿರಿ ಎನ್ನುತ್ತಾರೆಂದು ಮಾವ ಓಡಿ ಬಂದರು. ಆದರೆ ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದು ಏನು ತಿನ್ನುತ್ತೆ?"

"ಏನೂ ತಿನ್ನಲ್ಲ ಸಾರ್."

"ಓಡಾಡಲ್ವಾ?"

"ಇಲ್ಲ."

"ಹಾಗಾದ್ರೆ ಇದು ಒಳ್ಳೇದು. ಇದನ್ನೇ ತರಬಹುದಿತ್ತಲ್ಲ ಮೊದಲೇ."

ಅಧ್ಯಕ್ಷರ ಪ್ರೀತಿ ಒಮ್ಮೆ ಹುಟ್ಟಿದರೆ ಅರ್ಧಕ್ಕೆ ನಿಲ್ಲುವುದಿಲ್ಲ. ಚಿಲಕ ಎತ್ತಿದರೆ ಗೂಡು ಅಲ್ಲಾಡುತ್ತದೆ, ಆದ್ದರಿಂದ ಗೇಟು ತೆರೆಯಕೂಡದು ಎಂದು ಅಪ್ಪಣೆಯಾಯಿತು. ಕಾಂಪೌಂಡು ಗೋಡೆಯ ಆಚೆಗೊಂದು ಈಚೆಗೊಂದು ಸ್ಟೂಲು ಬಂತು. ಊರಿಗೆಲ್ಲ ಗೇಟು ಮಾರುವ ಮನುಷ್ಯ ದಿನಾ ಬೆಳಗ್ಗೆ ಪ್ಯಾಂಟು ಎತ್ತಿ ಹಿಡಿದು ಗೋಡೆ ಹಾರಿ ಅಂಗಡಿಗೆ ಹೋಗತೊಡಗಿದರು. ಹಾಲಿನವನು ಹಾರಿದ, ಅವರ ಅತ್ತೆಯವರನ್ನು ಇಬ್ಬರು ಹಿಡಿದು ದಾಟಿಸಿದರು. ಹೊಸ ಫ್ರಿಜ್ಜು ಬಂದ ದಿನ ಅದನ್ನೂ ಗೋಡೆಯ ಮೇಲಿನಿಂದಲೇ ಇಳಿಸಿದರು.

ಆ ವಾರವೇ ಪೈಪು ಒಡೆದು ಬಡಾವಣೆಗೆ ನೀರು ಬರುವುದು ನಿಂತಿತು. ನಲ್ಲಿ ಒಣಗಿದ್ದರಿಂದ ಮಾವನಿಗೆ ಔಷಧಿ ತಯಾರಿಸಲಾಗಲಿಲ್ಲ. ತೋಟದವರು ಕೇಳಿದರೆ, ಸರಕು ಬಂದಿಲ್ಲ ಎಂದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಸಿಸ್ಟರಮ್ಮ ನಮ್ಮ ಎದುರು ಮನೆಯವರು. ಅವರು ಬಕೆಟ್ಟು ಹಿಡಿದುಕೊಂಡು ಬೀದಿಯ ನಡುವೆಯೇ ಮಾವನನ್ನು ನಿಲ್ಲಿಸಿದರು.

"ಮೊನ್ನೆ ಮಿಕ್ಕಿದ ಔಷಧಿ ಇದ್ರೆ ಒಂದು ಬಕೆಟ್ ಕೊಡಿ ಮಾವ. ಪಾತ್ರೆ ತೊಳೆಯೋದಿದೆ."

ನಾಲ್ಕು ಜನ ಅಲ್ಲೇ ಇದ್ದರು. ಮಾವ ತಲೆ ತಗ್ಗಿಸಿದರು. ಸಿಸ್ಟರಮ್ಮನಿಗೆ ಅವರ ಮೇಲೆ ದ್ವೇಷವೇನೂ ಇರಲಿಲ್ಲ. ಜೀವನಪೂರ್ತಿ ಮುಲಾಮು ಹಚ್ಚಿದವರಿಗೆ ಮುಲಾಮಿನ ವಾಸನೆ ತಿಳಿಯದಿರುತ್ತದೆಯೇ? ಅವರಿಗೆ ನಿಜವಾಗಿಯೂ ನೀರು ಬೇಕಾಗಿತ್ತು.

ಸಂಜೆಗೆ ಸುದ್ದಿ ಎಲ್ಲೆಡೆ ಹರಡಿ, ಭಾನುವಾರ ಅಧ್ಯಕ್ಷರ ವರಾಂಡದಲ್ಲಿ ತುರ್ತು ಸಭೆ ಕರೆಯಲಾಯಿತು. ವಿಷಯ: ಹುಳಗಳನ್ನು ಕೊಲ್ಲದೆ ಬಿಟ್ಟು ಬಡಾವಣೆಗೆ ದ್ರೋಹ ಮಾಡಿದ್ದು. ಸಭೆಗೆ ಬಂದವರೆಲ್ಲ ಒಬ್ಬರಾದ ಮೇಲೆ ಒಬ್ಬರು ಸ್ಟೂಲು ಹತ್ತಿ, ಗೂಡಿಗೆ ತಾಗದಂತೆ ಕಾಲು ಎತ್ತಿಟ್ಟು, ಗೋಡೆ ದಾಟಿ ಒಳಗೆ ಬಂದೆವು. ಹಾಗೆ ದಾಟುವಾಗ ನಗು ಬಂದವರು ಯಾರೂ ಇರಲಿಲ್ಲ. ನನಗೂ ಬರಲಿಲ್ಲ, ಪ್ಯಾಂಟು ಹರಿಯುವ ಚಿಂತೆಯಿತ್ತು.

ಸಭೆಯಲ್ಲಿ ಭಾರೀ ವಾದವಾಯಿತು. ಹೀಗೆ ಮೋಸ ಮಾಡಬಹುದೇ ಎಂದು ಕೆಲವರು. ನಮ್ಮ ಬಳ್ಳಿ ಈಗ ಕಾಯಿ ಬಿಟ್ಟಿದೆ, ಜೇನು ಬರುತ್ತಿವೆ ಎಂದು ಇನ್ನು ಕೆಲವರು. ಆ ಜೇನು ನನ್ನ ಮೊಮ್ಮಗಳಿಗೆ ಕಚ್ಚಿದರೆ ಹೊಣೆ ಯಾರು ಎಂದು ಮತ್ತೊಬ್ಬರು. ಮಾವನನ್ನು ಕೇಳಿದಾಗ ಅವರು ಎದ್ದು ನಿಂತರು.

"ನೀವು ಕೊಲ್ಲು ಅಂದ್ರಿ, ಕೊಂದೆ. ವಾಪಸ್ ತಾ ಅಂದ್ರಿ, ತಂದೆ. ಎರಡೂ ಒಟ್ಟಿಗೆ ಅಂದಾಗ ನೀರು ಬಿಟ್ರೆ ನನಗೆ ಬೇರೆ ದಾರಿ ಕಾಣಲಿಲ್ಲ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಎರಡು ಕಡೆಯವರಿಗೂ ಬೇಸರವಾಗದಂಥ ತೀರ್ಮಾನ ಕೊಟ್ಟರು. ವಾರದ ಮೊದಲ ಭಾಗದಲ್ಲಿ ಮಾವ ಕೀಟ ನಾಶಕರು, ಎರಡನೆಯ ಭಾಗದಲ್ಲಿ ಕೀಟ ರಕ್ಷಕರು. ಒಂದು ಹುದ್ದೆಯವರು ಇನ್ನೊಂದು ಹುದ್ದೆಯವರ ಕೆಲಸ ಕೆಡಿಸಿದರೆ ಸಂಘ ಸಹಿಸುವುದಿಲ್ಲ. ರಕ್ಷಕರಿಗೆ ಒಂದು ಟೋಪಿಯನ್ನೂ ಕೊಡುವುದಾಯಿತು. ಸಭೆ ಚಪ್ಪಾಳೆ ತಟ್ಟಿತು. ನಾಶಕರಾಗಿ ನಾನು ಏನು ಹೊಡೆಯಬೇಕು ಎಂದು ಮಾವ ಕೇಳಿದರು. ಈಗ ಹೊಡೆಯುತ್ತಿರುವುದೇ ಸಾಕು, ವಾಸನೆ ಮಾತ್ರ ತಪ್ಪಬಾರದು ಎಂದರು ಸಿಸ್ಟರಮ್ಮ. ಅದಕ್ಕೂ ಒಪ್ಪಿಗೆಯಾಯಿತು, ಮುಲಾಮಿನ ಖರ್ಚು ಸಂಘದ್ದೇ.

ಗೂಡು ಕಪ್ಪಾಗಿದೆ ಎಂದು ಅಧ್ಯಕ್ಷರು ಗಾಬರಿಯಿಂದ ಫೋನು ಮಾಡಿದ ಬೆಳಗ್ಗೆ ನಾವೆಲ್ಲ ಗೇಟಿನ ಮುಂದೆ ಸೇರಿದ್ದೆವು. ಮಾವ ಟೋಪಿ ಹಾಕಿಕೊಂಡೇ ಬಂದಿದ್ದರು. ಕಪ್ಪಾದದ್ದಲ್ಲ, ಸಿಪ್ಪೆಯ ಒಳಗಿನಿಂದ ರೆಕ್ಕೆ ಕಾಣುತ್ತಿದೆ, ಮಾತಾಡಬೇಡಿ ಎಂದರು. ಗೂಡು ಬಿರಿಯಿತು. ಒದ್ದೆಯಾದ, ಮುದುರಿದ, ಯಾವ ಚಿಟ್ಟೆಯಂತೆಯೂ ಇಲ್ಲದ ಒಂದು ಜೀವ ಹೊರಗೆ ಬಂದು ಚಿಲಕಕ್ಕೆ ಜೋತುಬಿತ್ತು. ಅಧ್ಯಕ್ಷರ ಮುಖ ಸಪ್ಪಗಾಯಿತು. ನಿಧಾನವಾಗಿ ರೆಕ್ಕೆಗಳು ಬಿಚ್ಚಿಕೊಂಡವು, ಕಪ್ಪು ಹಳದಿ ಚುಕ್ಕೆಗಳು ಒಂದೊಂದೇ ಜಾಗಕ್ಕೆ ಬಂದು ಕೂತವು. ಹೊಗೆ ಮಾವ ಮೂಗಿನ ಬಟ್ಟೆಯನ್ನು ಕೆಳಗೆಳೆದು ಕಣ್ಣು ಒರೆಸಿಕೊಂಡರು. ಮುಲಾಮಿನ ಉರಿ ಎಂದರು.

ಬಿಸಿಲು ಏರಿದಾಗ ಚಿಟ್ಟೆ ಎದ್ದಿತು. ಅಧ್ಯಕ್ಷರು ಹಾಕಿಸಿದ್ದ ಹೂವಿನ ಗಿಡಗಳ ಕಡೆ, ಬೋರ್ಡಿನ ಕಡೆ ತಿರುಗಿಯೂ ನೋಡದೆ, ರಸ್ತೆ ದಾಟಿ ಸಿಸ್ಟರಮ್ಮನ ಮನೆಯ ಹಿತ್ತಲಿಗೆ ಹೋಯಿತು.

"ಮಾವ, ಅದು ನಮ್ಮದು" ಎಂದರು ಅಧ್ಯಕ್ಷರು.

ಸಿಸ್ಟರಮ್ಮ ಹಿತ್ತಲಿನ ಬಾಗಿಲು ತೆರೆದಿಟ್ಟು, ಬಂದು ಕರೆದು ನೋಡಿ ಎಂದರು. ಅಧ್ಯಕ್ಷರು ಸುತ್ತಮುತ್ತ ನೋಡಿ, ಚಪ್ಪಲಿ ಬಿಟ್ಟು, ಅವರ ಮನೆಯೊಳಗೆ ಹೋದರು. ಮಧ್ಯಾಹ್ನದವರೆಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಚಿಟ್ಟೆಯನ್ನೇ ನೋಡುತ್ತಿದ್ದರೆಂದು, ಎರಡು ಸಲ ಕಾಫಿ ಕುಡಿದರೆಂದು, ಅದನ್ನು ಕರೆಯುವ ವಿಷಯ ಮಾತ್ರ ಎತ್ತಲಿಲ್ಲವೆಂದು ಸಿಸ್ಟರಮ್ಮ ಆಮೇಲೆ ಹೇಳಿದರು. ಹೊಗೆ ಮಾವ ಅಷ್ಟು ಹೊತ್ತು ನಿಲ್ಲಲಿಲ್ಲ. ಪಕ್ಕದ ಬೀದಿಯವರಿಗೂ ಚಿಟ್ಟೆ ಬೇಕಂತೆ, ಹುಳ ಮಾತ್ರ ಬೇಡವಂತೆ ಎಂದು ಹೇಳಿ, ಟಿಫಿನ್ ಕ್ಯಾರಿಯರು ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದರು.