ಸರಾಸರಿಯ ಎಂಟು ತಂಡಗಳು

ಕನ್ನಡಕದಂಗಡಿಯವನನ್ನು ಗೆಳೆಯರು ಸರಾಸರಿ ಎಂದೇ ಕರೆಯುತ್ತಿದ್ದರು, ಅವನು ಬಾಯಿಬಿಟ್ಟರೆ ಬರುತ್ತಿದ್ದುದು ಅದೊಂದೇ ಮಾತು. ಅವನೂ ಏಳು ಗೆಳೆಯರೂ ಸೇರಿ ಆಡುವ ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ಕಾಲಿಗೆ ಕೆಲಸವಿಲ್ಲ. ನಿಜವಾದ ಆಟಗಾರರಲ್ಲಿ ಹನ್ನೊಂದು ಜನರನ್ನು ಆರಿಸಿ ಫೋನಿನಲ್ಲಿ ತಂಡ ಕಟ್ಟಬೇಕು, ಅವರು ಗೋಲು ಹೊಡೆದರೆ ಕಟ್ಟಿದವನಿಗೆ ಅಂಕ. ಹನ್ನೊಂದು ವರ್ಷದ ಅಂಕಗಳನ್ನೆಲ್ಲ ಅವನು ರೂಲು ಹಾಕಿದ ಪುಸ್ತಕಕ್ಕೆ ಇಳಿಸಿ, ಯಾರು ಎಲ್ಲಿ ಎಡವುತ್ತಾರೆಂದು ಅರೆದು ಕುಡಿದಿದ್ದ. ಭಾವಮೈದ ಕುಂಟುವ ಆಟಗಾರನನ್ನೂ ಕೈಬಿಡುವುದಿಲ್ಲ, ದಂತವೈದ್ಯ ಸೋತ ಮರುವಾರ ಇಡೀ ತಂಡವನ್ನೇ ಬದಲಾಯಿಸುತ್ತಾನೆ, ಹೀಗೆ. ಗಿರಾಕಿ ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದರೆ ಇವನ ಕಣ್ಣು ಕೌಂಟರಿನಡಿಯ ಪುಸ್ತಕದ ಮೇಲೆ. ಓದಿದ್ದು ತಪ್ಪಾದರೂ "ಸರಿ, ಮುಂದಿನ ಸಾಲು" ಎನ್ನುತ್ತಿದ್ದ. ಇಷ್ಟೆಲ್ಲ ಮಾಡಿಯೂ ಅವನ ತಂಡ ಎಂಟನೆಯ ಸ್ಥಾನ ಬಿಟ್ಟು ಮೇಲೆದ್ದದ್ದೇ ಇಲ್ಲ. ಮೊನ್ನೆ ವರ್ಷದ ಕೊನೆಯ ಪಂದ್ಯ ಮುಗಿದಾಗ ಹೆಂಡತಿ, "ಈ ಸಲ ಯಾರು ಗೆದ್ರು?" ಎಂದಳು. "ಇನ್ಯಾರು, ನಿನ್ನ ತಮ್ಮನೇ." "ಅವ್ನು ಈ ಆಟ ಬಿಟ್ಟು ನಾಲ್ಕು ವರ್ಷ ಆಯ್ತಲ್ರೀ." ಒಬ್ಬೊಬ್ಬರಾಗಿ ಏಳೂ ಮಂದಿ ಆಟ ಬಿಟ್ಟಿದ್ದರು; ಅವರವರ ಪಾಸ್‌ವರ್ಡ್ ಕೇಳಿ ಪಡೆದು, ಪುಸ್ತಕ ನೋಡಿ, ಅವರವರ ಹುಚ್ಚಿಗೆ ತಕ್ಕಂತೆಯೇ ಪ್ರತಿವಾರ ಅವರ ತಂಡಗಳನ್ನೂ ಸರಾಸರಿಯೇ ಕಟ್ಟುತ್ತಿದ್ದ, ಒಂದಿಷ್ಟೂ ಮೋಸ ಮಾಡದೆ. ಗೆಳೆಯರ ಗುಂಪಿಗೆ "ಈ ಸಲನೂ ಎಂಟನೇ ಸ್ಥಾನ ನಂದೇ" ಎಂದು ಬರೆದು ಕಳಿಸಿ, ಒಬ್ಬನಾದರೂ ಗೇಲಿ ಮಾಡಲಿ ಎಂದು ಫೋನನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡ.